ಮಾತನಾಡುವ ಕಂಪ್ಯೂಟರ್: ಮೇಜಿನಿಂದ ಜೇಬಿಗೆ

ದಿವ್ಯವಾಣಿಯ ಅವತೀರ್ಣವು ಓದುವ ಆದೇಶದೊಂದಿಗೆ ಆರಂಭವಾಯಿತೆಂಬುದನ್ನು ನಮ್ಮ ಪ್ರತಿಯೊಂದು ಶೈಕ್ಷಣಿಕ ಸಭೆಯಲ್ಲೂ ಸ್ಮರಿಸಿಕೊಳ್ಳುತ್ತೇವೆ. ಹಾಗಾದರೆ ಕಣ್ಣು ಕಾಣದವರು ಓದುವುದು ಹೇಗೆ? ಈ ಪ್ರಶ್ನೆ ನಮಗೆ ಹೊಸದಲ್ಲ. ಜ್ಞಾನಾರ್ಥಿಯಾಗಿ ಬಂದ ಅಂಧ ಸಹಾಬಿ ಹ. ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್(ರ) ಅವರಿಗೆ ದೊರೆಯಬೇಕಾದ ಗಮನವೇ ಪವಿತ್ರ ಕುರ್‌ಆನಿನ 80ನೇ ಅಧ್ಯಾಯ ‘ಅಬಸ’ದ ಆರಂಭದ ಹಿನ್ನೆಲೆಯಾಗಿದೆ. ಮುಂದೆ ಅವರು ಹ. ಬಿಲಾಲ್(ರ) ಅವರೊಂದಿಗೆ ಮದೀನಾದ ಮುಅಝ್ಝಿನರಾದರು. ಪ್ರವಾದಿವರ್ಯರು(ಸ) ಮದೀನಾದಿಂದ ಹೊರಗೆ ತೆರಳುವಾಗ ಹಲವು ಬಾರಿ ಅವರನ್ನೇ ಊರಿನ ಹೊಣೆಗಾರರನ್ನಾಗಿ ನೇಮಿಸಿದ್ದರು.

ನಮಗೆ ಹತ್ತಿರದ ಕಾಲದ ಇನ್ನೊಂದು ಉದಾಹರಣೆ ಈಜಿಪ್ಟಿನ ತಾಹಾ ಹುಸೇನ್. 1889ರಲ್ಲಿ ಜನಿಸಿದ ಇವರು ಎಳವೆಯಲ್ಲೇ ದೃಷ್ಟಿ ಕಳೆದುಕೊಂಡರು. ಹಳ್ಳಿಯ ಮಕ್ತಬ್‌ನಲ್ಲಿ ಕುರ್‌ಆನ್ ಕಂಠಪಾಠ ಮಾಡಿ, ಅಲ್ ಅಝ್‌ಹರ್‌ನಲ್ಲಿ ಕಲಿತು, ಪ್ಯಾರಿಸಿನಲ್ಲಿ ಡಾಕ್ಟರೇಟ್ ಪಡೆದು, 1950ರಲ್ಲಿ ಈಜಿಪ್ಟಿನ ಶಿಕ್ಷಣ ಸಚಿವರಾದರು. ಇಂತಹ ಮೇಧಾವಿಗೂ ಪುಸ್ತಕವನ್ನು ಓದಿ ಹೇಳಲು ಬೇರೊಬ್ಬರು ಬೇಕಿತ್ತು. ಅವರ ಪತ್ನಿ ಸುಝಾನ್ ಅವರೇ ಎಷ್ಟೋ ಗ್ರಂಥಗಳನ್ನು ಅವರಿಗೆ ಓದಿ ಹೇಳಿದರು. ಓದಿ ಹೇಳುವವರು ಮನೆಯಲ್ಲಿ ಇಲ್ಲದ ಸಾವಿರಾರು ಅಂಧರ ಪಾಲಿಗೆ ಪುಸ್ತಕ ಮುಚ್ಚಿದ ಬಾಗಿಲಾಗಿಯೇ ಉಳಿಯಿತು.

ಆ ಬಾಗಿಲನ್ನು ಅಂಧನು ತನ್ನ ಕೈಯಿಂದಲೇ ತೆರೆಯುವಂತೆ ಮಾಡಿದ ಸಾಧನಗಳಲ್ಲಿ ಮಾತನಾಡುವ ಕಂಪ್ಯೂಟರ್ ಪ್ರಮುಖವಾದುದು. ಅದು ಕಚೇರಿಯ ಮೇಜಿನಿಂದ ಹೊರಟು ಜೇಬಿನೊಳಗೆ ಸೇರಿದ ಸುಮಾರು 40 ವರ್ಷಗಳ ಇತಿಹಾಸವನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಸ್ಕ್ರೀನ್ ರೀಡರ್ ಎಂದರೇನು?

ಕಂಪ್ಯೂಟರಿನ ಪರದೆಯ ಮೇಲೆ ಇರುವುದನ್ನು ತಿಳಿದುಕೊಂಡು ಧ್ವನಿಯ ಮೂಲಕ ಅಥವಾ ಬ್ರೈಲ್ ಚುಕ್ಕೆಗಳ ಮೂಲಕ ತಿಳಿಸುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಇದರಲ್ಲಿ ಎರಡು ಭಾಗಗಳಿವೆ. ಪರದೆಯಲ್ಲಿ ಯಾವ ಪದವಿದೆ, ಯಾವ ಗುಂಡಿಯಿದೆ, ನಾವು ಈಗ ಎಲ್ಲಿದ್ದೇವೆ ಎಂಬುದನ್ನು ಒಂದು ಭಾಗ ಹುಡುಕಿ ತೆಗೆಯುತ್ತದೆ. ಹಾಗೆ ಸಿಕ್ಕಿದ ಅಕ್ಷರಗಳನ್ನು ಉಚ್ಚರಿಸುವುದು ಇನ್ನೊಂದು ಭಾಗದ ಕೆಲಸ. ಇದನ್ನು ವಾಕ್ ಸಂಶ್ಲೇಷಕ ಎನ್ನುತ್ತಾರೆ. ಬಳಸುವವರು ಮೌಸ್ ಮುಟ್ಟುವುದಿಲ್ಲ, ಎಲ್ಲವನ್ನೂ ಕೀಲಿಮಣೆಯಿಂದಲೇ ನಡೆಸುತ್ತಾರೆ. ಅಭ್ಯಾಸವಾದವರು ಧ್ವನಿಯ ವೇಗವನ್ನು ಎಷ್ಟು ಹೆಚ್ಚಿಸಿಕೊಳ್ಳುತ್ತಾರೆಂದರೆ, ಪಕ್ಕದಲ್ಲಿ ಕುಳಿತವರಿಗೆ ಒಂದು ಪದವೂ ಅರ್ಥವಾಗುವುದಿಲ್ಲ.

ಇಲ್ಲಿ ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ವಿಂಡೋಸ್, ಲಿನಕ್ಸ್ ಮುಂತಾದವು ಪೂರ್ಣ ಪ್ರಮಾಣದ ಡೆಸ್ಕ್‌ಟಾಪ್ ಆಪರೇಟಿಂಗ್ ಸಿಸ್ಟಮ್‌ಗಳು. ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಕಾಲೇಜಿನ ಪ್ರಯೋಗಾಲಯಗಳಲ್ಲಿ ನಡೆಯುವುದು ಇವೇ. ಸಣ್ಣ ಸಾಧನಗಳಿಗಾಗಿ ತಯಾರಾದ ಕಿರು ವ್ಯವಸ್ಥೆಗಳಲ್ಲಿ ಆ ಪ್ರೋಗ್ರಾಮುಗಳು ನಡೆಯುವುದಿಲ್ಲ. ಆದ್ದರಿಂದ ಅಂಧ ವ್ಯಕ್ತಿಯೊಬ್ಬ ಜೇಬಿನ ಸಾಧನ ಹಿಡಿದುಕೊಂಡ ಮಾತ್ರಕ್ಕೆ ಸಹೋದ್ಯೋಗಿಗಳ ಸಮಾನವಾಗಿ ಕೆಲಸ ಮಾಡಬಲ್ಲ ಎಂದು ಹೇಳುವಂತಿರಲಿಲ್ಲ. ಈ ವ್ಯತ್ಯಾಸವೇ ನಮ್ಮ ಕಥೆಯ ತಿರುಳು.

ಅಕ್ಷರಗಳ ಪರದೆಯಿಂದ ಚಿತ್ರಗಳ ಪರದೆಗೆ

1980ರ ದಶಕದ ಕಂಪ್ಯೂಟರುಗಳಲ್ಲಿ ಡಾಸ್ ಎಂಬ ವ್ಯವಸ್ಥೆಯಿತ್ತು. ಅದರ ಪರದೆಯಲ್ಲಿ ಚಿತ್ರಗಳಿಗಿಂತ ಅಕ್ಷರಗಳೇ ಹೆಚ್ಚು. ಒಂದು ಸಾಲಿಗೆ 80 ಅಕ್ಷರಗಳಂತೆ 25 ಸಾಲುಗಳು, ಅಂದರೆ ಒಟ್ಟು 2000 ಅಕ್ಷರಗಳು. ಇವು ಕಂಪ್ಯೂಟರಿನ ಸ್ಮೃತಿಯಲ್ಲಿ ಅಕ್ಷರಗಳಾಗಿಯೇ ಇರುತ್ತಿದ್ದುದರಿಂದ ಅವುಗಳನ್ನು ತೆಗೆದು ವಾಕ್ ಸಂಶ್ಲೇಷಕಕ್ಕೆ ಕೊಡುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. ಐಬಿಎಂ ಸಂಸ್ಥೆಯ ಗಣಿತಜ್ಞ ಜಿಮ್ ಥ್ಯಾಚರ್ ತಮ್ಮ ಅಂಧ ಸಹೋದ್ಯೋಗಿ ಜೆಸ್ಸಿ ರೈಟ್ ಅವರೊಂದಿಗೆ ಈ ದಿಕ್ಕಿನಲ್ಲಿ ಕೆಲಸ ಮಾಡಿದರು. ಅದರ ಫಲವಾಗಿ 1986ರಲ್ಲಿ ಐಬಿಎಂ ‘ಸ್ಕ್ರೀನ್ ರೀಡರ್’ ಹೊರಬಂತು. ಆ ಒಂದು ಉತ್ಪನ್ನದ ಹೆಸರೇ ಮುಂದೆ ಇಡೀ ವರ್ಗದ ಹೆಸರಾಯಿತು.

ಅಮೆರಿಕದ ಟೆಡ್ ಹೆಂಟರ್ ಮೋಟಾರ್ ಸೈಕಲ್ ಪಂದ್ಯಗಳ ಸವಾರರಾಗಿದ್ದವರು. 1978ರಲ್ಲಿ ಕಾರು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೇಲೆ ಕಂಪ್ಯೂಟರ್ ಕಲಿತು, 1987ರಲ್ಲಿ ಬಿಲ್ ಜಾಯ್ಸ್ ಅವರೊಂದಿಗೆ ಒಂದು ಕಂಪನಿ ಸ್ಥಾಪಿಸಿದರು. 1989ರಲ್ಲಿ ಆ ಕಂಪನಿಯಿಂದ ಡಾಸ್‌ಗಾಗಿ ‘ಜಾಸ್’ ಎಂಬ ಸ್ಕ್ರೀನ್ ರೀಡರ್ ಬಂತು. ‘ಮಾತಿನ ಮೂಲಕ ಉದ್ಯೋಗ ಪ್ರವೇಶ’ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆದ ಹೆಸರದು. ಅಂಧರಿಗೆ ಉದ್ಯೋಗ ದೊರಕಬೇಕೆಂಬ ಗುರಿ ಹೆಸರಿನಲ್ಲೇ ಇತ್ತು.

ಅಷ್ಟರಲ್ಲೇ ಕಂಪ್ಯೂಟರಿನ ಸ್ವರೂಪವೇ ಬದಲಾಯಿತು. ವಿಂಡೋಸ್‌ನಂತಹ ವ್ಯವಸ್ಥೆಗಳಲ್ಲಿ ಪರದೆಯು ಚಿತ್ರವಾಯಿತು. ಕಣ್ಣಿದ್ದವರಿಗೆ ಇದು ವರವೇ ಸರಿ, ಕಡತದ ಚಿತ್ರವನ್ನು ಒತ್ತಿದರೆ ಸಾಕಿತ್ತು. ಸ್ಕ್ರೀನ್ ರೀಡರಿಗೆ ಮಾತ್ರ ಅಕ್ಷರಗಳ ಬದಲು ಬಣ್ಣದ ಚುಕ್ಕೆಗಳಷ್ಟೇ ಉಳಿದವು. ಡಾಸ್‌ನಲ್ಲಿ ನೌಕರಿ ಮಾಡುತ್ತಿದ್ದ ಅಂಧರು ಕಚೇರಿಗೆ ವಿಂಡೋಸ್ ಬಂದರೆ ತಮ್ಮ ಗತಿಯೇನೆಂದು ಚಿಂತಿಸುವಂತಾಯಿತು. ಆಪಲ್‌ನ ಮ್ಯಾಕಿಂಟಾಷ್‌ಗೆ 1989ರಲ್ಲಿ ಬಂದ ‘ಔಟ್‌ಸ್ಪೋಕನ್’ ಚಿತ್ರಪರದೆಯನ್ನು ಓದಿದ ಮೊದಲ ಸ್ಕ್ರೀನ್ ರೀಡರ್. ವಿಂಡೋಸ್‌ಗೆ ಜಾಸ್ ಬಂದದ್ದು 1995ರಲ್ಲಿ. ಕಂಪ್ಯೂಟರ್ ಪರದೆಗೆ ಬರೆಯಲು ಕೊಡುವ ಆಜ್ಞೆಗಳನ್ನು ನಡುದಾರಿಯಲ್ಲೇ ಆಲಿಸಿ, ಪರದೆಯ ಒಂದು ಪ್ರತಿಯನ್ನು ಸ್ಮೃತಿಯಲ್ಲಿ ಕಟ್ಟಿಕೊಳ್ಳುವ ಉಪಾಯವನ್ನು ಆಗ ಅನುಸರಿಸಲಾಯಿತು. 1997ರಲ್ಲಿ ಮೈಕ್ರೋಸಾಫ್ಟ್ ಒಂದು ವ್ಯವಸ್ಥೆಯನ್ನು ಜಾರಿಗೆ ತಂದ ಮೇಲೆ ಪ್ರೋಗ್ರಾಮುಗಳೇ ‘ಇದು ಗುಂಡಿ, ಇದು ಪಟ್ಟಿ’ ಎಂದು ಸ್ಕ್ರೀನ್ ರೀಡರಿಗೆ ತಿಳಿಸಲು ದಾರಿಯಾಯಿತು.

ಇದೇ ಕಾಲದಲ್ಲಿ ಭಾರತೀಯರೊಬ್ಬರು ಬೇರೊಂದು ದಾರಿ ತೋರಿದರು. ಪುಣೆಯಲ್ಲಿ ಜನಿಸಿ, ಗ್ಲಾಕೋಮಾದಿಂದ ಹದಿಹರೆಯದಲ್ಲೇ ದೃಷ್ಟಿ ಕಳೆದುಕೊಂಡ ಟಿ. ವಿ. ರಾಮನ್, ಐಐಟಿ ಬಾಂಬೆಯಲ್ಲಿ ಓದಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದರು. ಪರದೆಯಲ್ಲಿ ಕಾಣುವುದನ್ನು ಹಾಗೆಯೇ ಒಪ್ಪಿಸುವ ಬದಲು ವಿಷಯವನ್ನೇ ನೇರವಾಗಿ ಮಾತಿಗೆ ಇಳಿಸಬೇಕೆಂಬುದು ಅವರ ವಾದ. 1995ರಲ್ಲಿ ಅವರು ಬಿಡುಗಡೆ ಮಾಡಿದ ‘ಈಮ್ಯಾಕ್‌ಸ್ಪೀಕ್’ ಉಚಿತ ತಂತ್ರಾಂಶವಾಗಿದ್ದು, ಅಂಧರು ಕಿವಿಯಿಂದಲೇ ಪ್ರೋಗ್ರಾಂ ಬರೆಯಲು ನೆರವಾಯಿತು.

ಪರದೆಯೇ ಇಲ್ಲದ ಸಾಧನ

ಈಗ ಗಾತ್ರದ ವಿಚಾರಕ್ಕೆ ಬರೋಣ. ಕಂಪ್ಯೂಟರನ್ನು ಚಿಕ್ಕದಾಗಿಸಲು ದೊಡ್ಡ ಅಡ್ಡಿ ಪರದೆಯೇ. ಪರದೆ ಚಿಕ್ಕದಾದರೆ ಅಕ್ಷರ ಕಾಣುವುದಿಲ್ಲ, ದೊಡ್ಡದಾದರೆ ಜೇಬಿನಲ್ಲಿ ಹಿಡಿಯುವುದಿಲ್ಲ. ಬ್ಯಾಟರಿಯ ಬಹುಪಾಲನ್ನು ನುಂಗುವುದೂ ಅದೇ. ಅಂಧ ವ್ಯಕ್ತಿಗೆ ಈ ತೊಂದರೆಯೇ ಇಲ್ಲ. ಅವನಿಗೆ ಒಂದು ಕೀಲಿಮಣೆ ಮತ್ತು ಒಂದು ಇಯರ್‌ಫೋನ್ ಇದ್ದರೆ ಸಾಕು. ಹಾಗೆ ನೋಡಿದರೆ ಜೇಬಿನ ಕಂಪ್ಯೂಟರ್ ಎಲ್ಲರಿಗಿಂತ ಮೊದಲು ಅಂಧರ ಕೈ ಸೇರಬೇಕಿತ್ತು.

ಒಂದರ್ಥದಲ್ಲಿ ಹಾಗೆಯೇ ಆಯಿತು. 1987ರಲ್ಲಿ ಅಮೆರಿಕದ ಡೀನ್ ಬ್ಲೇಝಿ ‘ಬ್ರೈಲ್ ಎನ್ ಸ್ಪೀಕ್’ ಎಂಬ ಪುಟ್ಟ ಪೆಟ್ಟಿಗೆಯನ್ನು ತಂದರು. ಬ್ರೈಲ್‌ನ ಆರು ಚುಕ್ಕೆಗಳಿಗೆ ಆರು ಕೀಲಿಗಳು, ಪದಗಳ ನಡುವಿನ ಜಾಗಕ್ಕೆ ಏಳನೆಯದು. ಪರದೆ ಎಂಬುದೇ ಇರಲಿಲ್ಲ. ಬರೆದುದನ್ನು ಅದು ಓದಿ ಹೇಳುತ್ತಿತ್ತು. ಕಣ್ಣಿದ್ದವರು ಲ್ಯಾಪ್‌ಟಾಪನ್ನು ಅಪರೂಪಕ್ಕೆ ನೋಡುತ್ತಿದ್ದ ದಿನಗಳಲ್ಲಿ ಅಂಧ ವಿದ್ಯಾರ್ಥಿಗಳು ತರಗತಿಯಲ್ಲಿ ಕುಳಿತು ಇದರಲ್ಲಿ ಟಿಪ್ಪಣಿ ಬರೆದುಕೊಂಡರು.

ಆದರೆ ಅದರಲ್ಲಿದ್ದುದು ತಯಾರಕರು ಹಾಕಿಕೊಟ್ಟ ಪ್ರೋಗ್ರಾಮುಗಳು ಮಾತ್ರ. ಸಹಪಾಠಿಯ ವರ್ಡ್ ಕಡತವನ್ನು ಅಥವಾ ಕಚೇರಿಯ ಲೆಕ್ಕದ ಹಾಳೆಯನ್ನು ಅದರಲ್ಲಿ ತೆರೆಯುವಂತಿರಲಿಲ್ಲ. 2000ದಲ್ಲಿ ನ್ಯೂಜಿಲೆಂಡಿನಿಂದ ಬಂದ ‘ಬ್ರೈಲ್‌ನೋಟ್’ ಮತ್ತು ಅನಂತರ ಅಮೆರಿಕದಿಂದ ಬಂದ ‘ಪ್ಯಾಕ್ ಮೇಟ್’ ಸಾಧನಗಳು ಸಣ್ಣ ಯಂತ್ರಗಳಿಗಾಗಿ ಮೈಕ್ರೋಸಾಫ್ಟ್ ರೂಪಿಸಿದ್ದ ಕಿರು ವಿಂಡೋಸ್ ಬಳಸಿದವು. ಹೆಸರು ವಿಂಡೋಸ್ ಆದರೂ ಮೇಜಿನ ಮೇಲಿನ ಕಂಪ್ಯೂಟರಿನ ಪ್ರೋಗ್ರಾಮುಗಳು ಅದರಲ್ಲಿ ನಡೆಯುತ್ತಿರಲಿಲ್ಲ. ಬ್ರೈಲ್ ಪಟ್ಟಿಯಿರುವ ಇಂತಹ ಒಂದು ಸಾಧನದ ಬೆಲೆ ಹಲವು ಸಾವಿರ ಡಾಲರುಗಳು. ನಮ್ಮ ಊರಿನ ಮಧ್ಯಮ ವರ್ಗದ ಕುಟುಂಬವೊಂದು ಅದನ್ನು ಕೊಳ್ಳುವ ಮಾತೇ ಇರಲಿಲ್ಲ.

ಅಂಗೈಯಲ್ಲಿ ಪೂರ್ಣ ವಿಂಡೋಸ್

ಪೂರ್ಣ ಪ್ರಮಾಣದ ವಿಂಡೋಸನ್ನೇ ಕುಗ್ಗಿಸಿ ಕೊಡುವ ಪ್ರಯತ್ನ ಇನ್ನೊಂದೆಡೆ ನಡೆದಿತ್ತು. 1996ರಲ್ಲಿ ಜಪಾನಿನ ತೊಶಿಬಾ ಕಂಪನಿ ‘ಲಿಬ್ರೆಟ್ಟೊ’ ಎಂಬ ಪುಟ್ಟ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದರ ತೂಕ ಸುಮಾರು 840 ಗ್ರಾಂ, ನಡೆಯುತ್ತಿದ್ದುದು ವಿಂಡೋಸ್ 95. 2004ರಲ್ಲಿ ಅಮೆರಿಕದ ಓಕ್ಯುಓ ಕಂಪನಿಯ ಸಾಧನ ಬಂದಾಗ ಜಗತ್ತೇ ಅಚ್ಚರಿಪಟ್ಟಿತು. 5 ಇಂಚಿನ ಪರದೆ, ಸುಮಾರು 400 ಗ್ರಾಂ ತೂಕ, ಒಳಗೆ ವಿಂಡೋಸ್ ಎಕ್ಸ್‌ಪಿ ಮತ್ತು 20 ಗಿಗಾಬೈಟ್ ಡಿಸ್ಕ್. 2006ರಲ್ಲಿ ಮೈಕ್ರೋಸಾಫ್ಟ್ ‘ಒರಿಗಾಮಿ’ ಹೆಸರಿನಲ್ಲಿ ಇಂತಹ ಕಿರು ಕಂಪ್ಯೂಟರುಗಳ ಯೋಜನೆಯನ್ನು ಪ್ರಕಟಿಸಿತು. ಸ್ಯಾಮ್‌ಸಂಗ್‌ನ ಕ್ಯು1 ಇದೇ ಗುಂಪಿಗೆ ಸೇರಿದ್ದು.

ಕಣ್ಣಿದ್ದ ಗ್ರಾಹಕರು ಇವುಗಳ ಬಗ್ಗೆ ದೂರಿದ್ದು ಒಂದೇ: ಇಷ್ಟು ಚಿಕ್ಕ ಪರದೆಯಲ್ಲಿ ವಿಂಡೋಸ್ ಬಳಸುವುದು ಹೇಗೆ? ಅಂಧರಿಗೆ ಈ ದೂರು ಅನ್ವಯಿಸುತ್ತಿರಲಿಲ್ಲ. ಒಳಗಿದ್ದುದು ನಿಜವಾದ ವಿಂಡೋಸ್ ಆದ್ದರಿಂದ ಮನೆಯ ಕಂಪ್ಯೂಟರಿಗೆ ಹಾಕುವ ಸ್ಕ್ರೀನ್ ರೀಡರನ್ನೇ ಇದಕ್ಕೂ ಹಾಕಬಹುದಿತ್ತು. ‘ವಿಂಡೋ-ಐಸ್’ ಸ್ಕ್ರೀನ್ ರೀಡರಿನ ತಯಾರಕರಾದ ಜಿ. ಡಬ್ಲ್ಯು. ಮೈಕ್ರೋ ಕಂಪನಿಯು ಇಂತಹ ಕಿರು ಕಂಪ್ಯೂಟರಿಗೆ ತನ್ನ ತಂತ್ರಾಂಶವನ್ನು ಅಳವಡಿಸಿ ‘ಸ್ಮಾಲ್-ಟಾಕ್’ ಹೆಸರಿನಲ್ಲಿ ಅಂಧರಿಗೆಂದೇ ಮಾರಿತು. ಕಿರು ವ್ಯವಸ್ಥೆಯ ಕಟ್ಟುಗಳಿಲ್ಲದ ಪೂರ್ಣ ಕಂಪ್ಯೂಟರ್ ಕೊನೆಗೂ ಅಂಧರ ಅಂಗೈಗೆ ಬಂತು.

ಆದರೆ ಲೆಕ್ಕ ಹಾಕಿ ನೋಡಿ. ಓಕ್ಯುಓ ಒಂದರ ಬೆಲೆಯೇ ಎರಡು ಸಾವಿರ ಡಾಲರಿನ ಹತ್ತಿರ. ಅದರ ಮೇಲೆ ಜಾಸ್‌ನಂತಹ ಸ್ಕ್ರೀನ್ ರೀಡರಿಗೆ ಸುಮಾರು ಸಾವಿರ ಡಾಲರ್. ಕಣ್ಣಿದ್ದವನಿಗಿಂತ ಕಣ್ಣಿಲ್ಲದವನು ಒಂದೂವರೆ ಪಟ್ಟು ತೆರಬೇಕಿತ್ತು. ಈ ಸಾಧನಗಳೂ ಬಹುಕಾಲ ಬಾಳಲಿಲ್ಲ. ಓಕ್ಯುಓ ಕಂಪನಿ 2009ರಲ್ಲಿ ಮುಚ್ಚಿತು.

ಬೆಲೆಯ ಗೋಡೆ ಬಿದ್ದದ್ದು

ಯಂತ್ರ ಚಿಕ್ಕದಾದರೂ ಅದರೊಳಗಿನ ಧ್ವನಿ ದುಬಾರಿಯಾಗಿದ್ದರೆ ಪ್ರಯೋಜನವಿಲ್ಲ. ಈ ಗೋಡೆಯನ್ನು ಕೆಡವಿದವರಲ್ಲಿ ಹೆಚ್ಚಿನವರು ಸ್ವತಃ ಅಂಧರು ಅಥವಾ ಅಂಧರ ಮನೆಯವರು ಎಂಬುದು ಗಮನಾರ್ಹ.

ಮೊದಲಿಗೆ ಧ್ವನಿಯ ವಿಷಯ. ಇಂಗ್ಲೆಂಡಿನ ಜೊನಾಥನ್ ಡಡ್ಡಿಂಗ್‌ಟನ್ 1995ರಲ್ಲಿ ಏಕಾರ್ನ್ ಕಂಪನಿಯ ಕಂಪ್ಯೂಟರುಗಳಿಗಾಗಿ ಒಂದು ಪುಟ್ಟ ವಾಕ್ ಸಂಶ್ಲೇಷಕವನ್ನು ಬರೆದರು. 2006ರಲ್ಲಿ ಅದನ್ನು ಲಿನಕ್ಸ್‌ಗೆ ತಂದು ‘ಇಸ್ಪೀಕ್’ ಎಂಬ ಹೆಸರಿನಲ್ಲಿ ಉಚಿತವಾಗಿ ಬಿಡುಗಡೆ ಮಾಡಿದರು. ಅದರಲ್ಲಿ ಮನುಷ್ಯರ ಧ್ವನಿಮುದ್ರಣಗಳನ್ನು ಜೋಡಿಸುವ ಬದಲು ಮುಖ್ಯವಾಗಿ ಲೆಕ್ಕಾಚಾರದಿಂದಲೇ ಸ್ವರಗಳನ್ನು ಹುಟ್ಟಿಸಲಾಗುತ್ತದೆ. ಆದ್ದರಿಂದ ಹತ್ತಾರು ಭಾಷೆಗಳಿದ್ದರೂ ಇಡೀ ತಂತ್ರಾಂಶ ಕೆಲವೇ ಮೆಗಾಬೈಟ್‌ಗಳಲ್ಲಿ ಅಡಗುತ್ತದೆ. ಧ್ವನಿ ಯಂತ್ರದಂತೆ ಕೇಳಿಸುವುದು ನಿಜ, ಆದರೆ ಎಷ್ಟು ವೇಗವಾಗಿ ಓದಿಸಿದರೂ ಪದಗಳು ಸ್ಪಷ್ಟವಾಗಿರುತ್ತವೆ. ದುರ್ಬಲ ಯಂತ್ರದಲ್ಲೂ ಅದು ಸರಾಗವಾಗಿ ನಡೆಯುತ್ತದೆ.

ಅದೇ 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ ವಿಂಡೋಸ್‌ಗೆ ಒಂದು ಉಚಿತ ಸ್ಕ್ರೀನ್ ರೀಡರ್ ಬರೆಯಲು ತೊಡಗಿದರು. ಬಾಲ್ಯದಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರದಲ್ಲಿ ಪರಿಚಯವಾಗಿದ್ದ ಜೇಮ್ಸ್ ಟೆಹ್ ಅವರೊಂದಿಗೆ ಸೇರಿದರು. ಹೀಗೆ ಬೆಳೆದುದೇ ‘ಎನ್‌ವಿಡಿಎ’. ಅದರ ಧ್ವನಿಯಾಗಿ ಇಸ್ಪೀಕ್ ಜೊತೆಗೇ ಬಂತು. ಇನ್ನೊಂದು ವಿಶೇಷವೆಂದರೆ, ಎನ್‌ವಿಡಿಎಯನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸಲೇಬೇಕೆಂದಿಲ್ಲ. ಪೆನ್ ಡ್ರೈವ್‌ನಲ್ಲಿಟ್ಟು ಅದರಿಂದಲೇ ನಡೆಸಬಹುದು. ಅಂಧ ವಿದ್ಯಾರ್ಥಿಯು ಸೈಬರ್ ಕೆಫೆಗೋ ಕಾಲೇಜಿನ ಪ್ರಯೋಗಾಲಯಕ್ಕೋ ಹೋದಾಗ ಪೆನ್ ಡ್ರೈವ್ ಚುಚ್ಚಲು ಅನುಮತಿ ಸಿಕ್ಕಿದರೆ ಸಾಕು, ಆ ಕಂಪ್ಯೂಟರ್ ಅವನೊಂದಿಗೆ ಮಾತನಾಡತೊಡಗುತ್ತದೆ.

ಲಿನಕ್ಸ್‌ನಲ್ಲಿ ‘ಆರ್ಕಾ’ ಎಂಬ ಉಚಿತ ಸ್ಕ್ರೀನ್ ರೀಡರ್ 2006ರಲ್ಲೇ ಗ್ನೋಮ್ ಡೆಸ್ಕ್‌ಟಾಪಿನ ಭಾಗವಾಯಿತು. ಜರ್ಮನಿಯ ಕ್ಲಾಸ್ ನಾಪರ್ ಅವರದು ಇನ್ನೂ ಮನಮುಟ್ಟುವ ಕೆಲಸ. ಅವರು ರೂಪಿಸಿದ ‘ನಾಪಿಕ್ಸ್’ ಲಿನಕ್ಸ್ ಇಡಿಯಾಗಿ ಸಿ.ಡಿ.ಯಿಂದಲೇ ನಡೆಯುತ್ತಿತ್ತು. ದೃಷ್ಟಿದೋಷವಿರುವ ತಮ್ಮ ಪತ್ನಿ ಏಡ್ರಿಯಾನ್ ಅವರ ಸಲಹೆ ಪಡೆದು, ಮಾತಿನಿಂದಲೇ ಬಳಸಬಹುದಾದ ಒಂದು ವ್ಯವಸ್ಥೆಯನ್ನು ಅದಕ್ಕೆ ಸೇರಿಸಿ ಅವರ ಹೆಸರನ್ನೇ ಇಟ್ಟರು. ಅದು ಮುಂದೆ ಪೆನ್ ಡ್ರೈವ್‌ಗೂ ಬಂದು, ಆಪರೇಟಿಂಗ್ ಸಿಸ್ಟಮ್ ಮತ್ತು ಸ್ಕ್ರೀನ್ ರೀಡರ್ ಎರಡನ್ನೂ ಜೇಬಿನಲ್ಲಿ ಒಯ್ಯಲು ಅನುಕೂಲವಾಯಿತು.

2011ರ ಆರಂಭದಲ್ಲಿ ಬಂದ ಡೆಬಿಯನ್ ಲಿನಕ್ಸ್‌ನ 6ನೇ ಆವೃತ್ತಿಯಲ್ಲಿ ಆಪರೇಟಿಂಗ್ ಸಿಸ್ಟಮ್ ಸ್ಥಾಪಿಸುವ ಹಂತದಿಂದಲೇ ಕಂಪ್ಯೂಟರ್ ಮಾತನಾಡುವಂತಾಯಿತು. ಸ್ಥಾಪನೆಗೆ ಕಣ್ಣಿದ್ದವರನ್ನು ಕರೆಯಬೇಕಾದ ಅಗತ್ಯ ತಪ್ಪಿತು. ಕಣ್ಣಿದ್ದವರಿಗೆ ಇದು ಸಣ್ಣ ವಿಷಯವಾಗಿ ಕಾಣಬಹುದು. ತನ್ನ ಸ್ವಂತ ಕಂಪ್ಯೂಟರನ್ನು ಸಜ್ಜುಗೊಳಿಸಲು ಪ್ರತಿ ಬಾರಿಯೂ ನೆರೆಮನೆಯವರ ಬಿಡುವನ್ನು ಕಾಯುತ್ತಿದ್ದವರಿಗೆ ಅದರ ಬೆಲೆ ಗೊತ್ತು.

ಕಾರ್ಡಿನ ಗಾತ್ರದ ಕಂಪ್ಯೂಟರ್

2012ರ ಫೆಬ್ರವರಿ 29ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ‘ರಾಸ್ಪ್‌ಬೆರಿ ಪೈ’ ಮಾರಾಟಕ್ಕೆ ಬಂತು. ಶಾಲಾ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂಬ ಉದ್ದೇಶದಿಂದ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ರೂಪಿಸಿದ ಕಂಪ್ಯೂಟರ್ ಇದು. ಗಾತ್ರ ಎಟಿಎಂ ಕಾರ್ಡಿನಷ್ಟು. ಘೋಷಿತ ಬೆಲೆ 35 ಡಾಲರ್, ಅಂದರೆ ಆಗಿನ ವಿನಿಮಯ ದರದಲ್ಲಿ ಎರಡು ಸಾವಿರ ರೂಪಾಯಿಗಿಂತ ಕಡಿಮೆ. ಅದರಲ್ಲಿ ನಡೆಯುವುದು ಡೆಬಿಯನ್ ಆಧಾರಿತ ಪೂರ್ಣ ಲಿನಕ್ಸ್. ಪರದೆ ಜೊತೆಯಲ್ಲಿ ಬರುವುದಿಲ್ಲ, ಬೇಕಾದವರು ಜೋಡಿಸಿಕೊಳ್ಳಬೇಕು. ಪರದೆ ಬೇಡವಾದ ಅಂಧರಿಗೆ ಇದಕ್ಕಿಂತ ಒಪ್ಪುವ ಯಂತ್ರ ಇನ್ನೊಂದಿಲ್ಲ ಎಂದರೆ ಅತಿಶಯೋಕ್ತಿಯಲ್ಲ. ಒಂದು ಕೀಲಿಮಣೆ, ಒಂದು ಇಯರ್‌ಫೋನ್ ಮತ್ತು ಮೊಬೈಲಿಗೆ ಬಳಸುವ ಪವರ್ ಬ್ಯಾಂಕ್ ಸೇರಿದರೆ ಕಂಪ್ಯೂಟರ್ ಸಿದ್ಧ.

ಇಲ್ಲೊಂದು ಕಾಕತಾಳೀಯವೂ ಇದೆ. ರಾಸ್ಪ್‌ಬೆರಿ ಪೈ ಬಳಸುವ ಆರ್ಮ್ ಮಾದರಿಯ ಚಿಪ್‌ನ ಮೂಲ ಕೇಂಬ್ರಿಜ್‌ನ ಅದೇ ಏಕಾರ್ನ್ ಕಂಪನಿ. ಇಸ್ಪೀಕ್ ಮೊದಲು ಮಾತನಾಡಿದ್ದೂ ಏಕಾರ್ನ್ ಯಂತ್ರದಲ್ಲೇ. ಹೀಗೆ ಒಂದೇ ಮನೆಯಲ್ಲಿ ಹುಟ್ಟಿದ ಚಿಪ್ ಮತ್ತು ಧ್ವನಿ ವರ್ಷಗಳ ನಂತರ ಅಂಧರ ಜೇಬಿನಲ್ಲಿ ಮತ್ತೆ ಭೇಟಿಯಾದವು.

ಆದರೆ ಆರಂಭ ಸುಲಭವಾಗಿರಲಿಲ್ಲ. ಮೊದಲ ಪೈಗಳಲ್ಲಿ ಸ್ಕ್ರೀನ್ ರೀಡರಿನ ಧ್ವನಿ ಕಡಿದು ಕಡಿದು ಬರುತ್ತಿತ್ತು. ಸಿನಿಮಾ ಹಾಡು ಸರಿಯಾಗಿ ಕೇಳಿಸುತ್ತಿದ್ದುದರಿಂದ ಕಣ್ಣಿದ್ದವರಿಗೆ ಈ ದೋಷ ಅರಿವಿಗೇ ಬರುವಂತಿರಲಿಲ್ಲ. ಅಂಧ ಪ್ರೋಗ್ರಾಮರುಗಳೇ ಕುಳಿತು ಧ್ವನಿಗೆ ಬೇರೊಂದು ದಾರಿ ಮಾಡಿಕೊಟ್ಟರು. ಬ್ರೆಜಿಲ್‌ನ ಅಂಧ ಉದ್ಯಮಿ ಫರ್ನಾಂಡೊ ಬೊಟೆಲ್ಹೊ ಅವರ ‘ಎಫ್123’ ಸಂಸ್ಥೆಯು ಅಗ್ಗದ ಶಿಕ್ಷಣ ಮತ್ತು ಉದ್ಯೋಗಕ್ಕಾಗಿ ಉಚಿತ ತಂತ್ರಾಂಶಗಳನ್ನು ಒಗ್ಗೂಡಿಸುತ್ತ ಬಂದು, ಮುಂದೆ ಪೈಗಾಗಿಯೂ ಮಾತನಾಡುವ ಲಿನಕ್ಸ್ ಒಂದನ್ನು ರೂಪಿಸಿತು. 2015ರಲ್ಲಿ 5 ಡಾಲರಿನ ಪೈ ಝೀರೋ ಬಂತು. ಅದರ ಅಳತೆ 65 ಮಿ.ಮೀ. ಉದ್ದ, 30 ಮಿ.ಮೀ. ಅಗಲ. 2020ರಲ್ಲಿ ರಾಸ್ಪ್‌ಬೆರಿ ಪೈಯ ಅಧಿಕೃತ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಆರ್ಕಾಗೆ ಸ್ಥಾನ ದೊರೆಯಿತು. ಕಂಟ್ರೋಲ್, ಆಲ್ಟ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆರ್ಕಾ ತಾನಾಗಿ ಸ್ಥಾಪನೆಯಾಗುವ ವ್ಯವಸ್ಥೆ ಮಾಡಿದರು.

ಅಷ್ಟಕ್ಕೇ ಸಮಸ್ಯೆಗಳು ಮುಗಿದವೆಂದು ತಿಳಿಯಬಾರದು. ಪೈ ಝೀರೋ ಮತ್ತು 2023ರಲ್ಲಿ ಬಂದ ಪೈ 5ರಲ್ಲಿ ಇಯರ್‌ಫೋನಿನ ತೂತು ಇಲ್ಲ. ಯುಎಸ್‌ಬಿ ಧ್ವನಿ ಸಾಧನವನ್ನು ಬೇರೆ ಕೊಳ್ಳಬೇಕು. ಅದೇ 2023ರಲ್ಲಿ ಪೈಯ ಡೆಸ್ಕ್‌ಟಾಪ್ ‘ವೇಲ್ಯಾಂಡ್’ ಎಂಬ ಹೊಸ ಚಿತ್ರವ್ಯವಸ್ಥೆಗೆ ಹೊರಳಿತು. ಯಾವ ಕೀಲಿ ಒತ್ತಿದರೆಂದು ಪ್ರತಿಯೊಂದು ಪ್ರೋಗ್ರಾಮಿಗೂ ತಿಳಿಯಬಾರದೆಂಬುದು, ಸುರಕ್ಷತೆಯ ದೃಷ್ಟಿಯಿಂದ, ವೇಲ್ಯಾಂಡ್‌ನ ನಿಯಮ. ಕೀಲಿಗಳನ್ನು ಆಲಿಸಿಯೇ ಕೆಲಸ ಮಾಡುವ ಸ್ಕ್ರೀನ್ ರೀಡರಿಗೆ ಇದು ತೊಡಕಾಯಿತು. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಇದಕ್ಕೆ ತಕ್ಕ ಪರಿಹಾರ ಬಂದದ್ದು 2025ರ ಆವೃತ್ತಿಯಲ್ಲಿ. ಡಾಸ್‌ನಿಂದ ವಿಂಡೋಸ್‌ಗೆ ಹೋಗುವಾಗ ಆದ ಪಾಡು ಹೆಚ್ಚುಕಡಿಮೆ 30 ವರ್ಷಗಳ ನಂತರ ಲಿನಕ್ಸ್‌ನಲ್ಲೂ ಮರುಕಳಿಸಿತು. ಕಣ್ಣಿದ್ದವರಿಗಾಗಿ ಮನೆ ಕಟ್ಟಿ ಮುಗಿಸಿ, ಆಮೇಲೆ ಅಂಧರಿಗೊಂದು ಬಾಗಿಲು ಕೊರೆಯುವ ರೂಢಿಯಿಂದ ಹೀಗಾಗುತ್ತದೆ.

ಫೋನ್ ಇರುವಾಗ ಇದೇಕೆ?

2009ರಲ್ಲಿ ಐಫೋನ್ 3ಜಿಎಸ್ ‘ವಾಯ್ಸ್‌ಓವರ್’ನೊಂದಿಗೆ ಬಂತು. ಅದೇ ವರ್ಷ ಆಂಡ್ರಾಯ್ಡ್‌ಗೆ ‘ಟಾಕ್‌ಬ್ಯಾಕ್’ ಬಂತು. ಇಂದು ನಮ್ಮ ಅಂಧ ಬಾಂಧವರಲ್ಲಿ ಅನೇಕರು ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲೇ ವಾಟ್ಸಾಪ್ ಸಂದೇಶ ಕಳಿಸುತ್ತಾರೆ, ಹಣ ಪಾವತಿ ಮಾಡುತ್ತಾರೆ. ಹಾಗಿರುವಾಗ ಜೇಬಿನಲ್ಲಿ ಡೆಸ್ಕ್‌ಟಾಪ್ ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು.

ಉತ್ತರ ಉದ್ಯೋಗದಲ್ಲಿದೆ. ಐವತ್ತು ಪುಟಗಳ ಪ್ರಬಂಧಕ್ಕೆ ಅಡಿಟಿಪ್ಪಣಿ ಹಾಕುವುದು, ನೂರಾರು ಸಾಲುಗಳ ಲೆಕ್ಕದ ಹಾಳೆ ಸರಿಪಡಿಸುವುದು, ಪ್ರೋಗ್ರಾಂ ಬರೆಯುವುದು ಮುಂತಾದ ಕೆಲಸಗಳಿಗೆ ಗಾಜಿನ ಮೇಲೆ ಬೆರಳಾಡಿಸುವುದಕ್ಕಿಂತ ಕೀಲಿಮಣೆ ಮತ್ತು ಪೂರ್ಣ ಆಪರೇಟಿಂಗ್ ಸಿಸ್ಟಮ್ ಹೆಚ್ಚು ಅನುಕೂಲ. ನೌಕರಿ ಕೊಡುವ ಕಚೇರಿಗಳಲ್ಲಿ ಇರುವುದೂ ಅವೇ. ಫೋನ್ ಮಾತ್ರ ಬಲ್ಲ ವಿದ್ಯಾರ್ಥಿ ಸಂದೇಶ ಓದಬಲ್ಲ, ಆದರೆ ಕಚೇರಿಯ ಕುರ್ಚಿಗೆ ಸ್ಪರ್ಧಿಸುವುದು ಅವನಿಗೆ ಕಷ್ಟ. ‘ಜಾಸ್’ ಎಂಬ ಹೆಸರಿನಲ್ಲಿದ್ದ ಉದ್ಯೋಗದ ಗುರಿಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಕನ್ನಡ, ಉರ್ದು ಮತ್ತು ನಮ್ಮ ಹೊಣೆ

ಇಸ್ಪೀಕ್ ಕನ್ನಡವನ್ನೂ ಉರ್ದುವನ್ನೂ ಓದುತ್ತದೆ. ಈ ಎರಡು ಭಾಷೆಗಳನ್ನು ಕಲಿಸುವ ನನಗೆ ಅವುಗಳ ನಡುವಿನ ವ್ಯತ್ಯಾಸ ಇಲ್ಲಿಯೂ ಸ್ವಾರಸ್ಯಕರವಾಗಿ ಕಾಣುತ್ತದೆ. ಕನ್ನಡದಲ್ಲಿ ಬರೆದಂತೆ ಓದುವುದರಿಂದ ಯಂತ್ರ ಹೆಚ್ಚು ತಪ್ಪುವುದಿಲ್ಲ. ಉರ್ದುವಿನಲ್ಲಿ ಝೇರ್, ಝಬರ್, ಪೇಶ್ ಚಿಹ್ನೆಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಅಲಿಫ್ ಮತ್ತು ಸೀನ್ ಎಂಬ ಎರಡೇ ಅಕ್ಷರಗಳನ್ನು ‘ಇಸ್’ ಎಂದೂ ಓದಬಹುದು, ‘ಉಸ್’ ಎಂದೂ ಓದಬಹುದು. ಸಂದರ್ಭ ನೋಡಿ ನಾವು ಸರಿಮಾಡಿಕೊಳ್ಳುತ್ತೇವೆ, ಯಂತ್ರ ಊಹಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕನ್ನು ನಾವೇ ಉಂಟುಮಾಡುತ್ತಿದ್ದೇವೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ಉರ್ದುವಿನ ಇನ್‌ಪೇಜ್‌ನ ಹಳೆಯ ಕಡತಗಳದೂ ಇದೇ ಕಥೆ. ಪುಸ್ತಕದ ಪುಟವನ್ನು ಫೋಟೋ ತೆಗೆದು ಪಿಡಿಎಫ್ ಮಾಡಿ ಕಳಿಸಿದರೆ ಸ್ಕ್ರೀನ್ ರೀಡರಿಗೆ ಅದು ಬರಿಯ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳಿದ್ದರೂ ಅವು ತಪ್ಪುತ್ತವೆ, ಮುಖ್ಯವಾಗಿ ನಸ್ತಾಲೀಕ್ ಲಿಪಿಯಲ್ಲಿ. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದ ಕಡತಕ್ಕೆ ಈ ತೊಂದರೆಗಳಿಲ್ಲ. ಅದಕ್ಕೆ ಹೆಚ್ಚಿನ ಖರ್ಚೂ ಇಲ್ಲ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ದೃಷ್ಟಿ ವಿಕಲತೆಯುಳ್ಳವರ ಸಂಖ್ಯೆ ಸುಮಾರು 50 ಲಕ್ಷ. ಕಾನೂನು ಅವರ ಪರವಾಗಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯು ಪುಸ್ತಕಗಳನ್ನು ಅವರು ಓದಬಲ್ಲ ರೂಪಕ್ಕೆ ತರಲು ಅವಕಾಶ ನೀಡಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪ್ರಕಾರ, ನಿಗದಿತ ಪ್ರಮಾಣದ ವಿಕಲತೆಯುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸಬೇಕು. ಆದರೆ ಕೇಳುವವರಿಲ್ಲದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಅಂಧ ಮಗುವನ್ನು ಹಿಫ್ಝ್‌ಗೆ ಸೇರಿಸಿ ತೃಪ್ತರಾಗುವ ತಂದೆತಾಯಂದಿರು ನಮ್ಮಲ್ಲಿದ್ದಾರೆ. ಹಿಫ್ಝ್ ಮಹಾಭಾಗ್ಯವೇ. ತಾಹಾ ಹುಸೇನ್ ಅವರ ಕಲಿಕೆಯೂ ಅಲ್ಲಿಂದಲೇ ಮೊದಲಾಯಿತು, ಆದರೆ ಅಲ್ಲಿಗೇ ನಿಲ್ಲಲಿಲ್ಲ.

ಆದುದರಿಂದ ಅಸೋಸಿಯೇಶನ್‌ನ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ನಮ್ಮ ಪ್ರಶ್ನೆಪತ್ರಿಕೆಗಳು, ಟಿಪ್ಪಣಿಗಳು, ವಿದ್ಯಾರ್ಥಿವೇತನದ ಅರ್ಜಿಗಳು ಮತ್ತು ಈ ವಾರ್ಷಿಕ ಸಂಚಿಕೆ ಇನ್ನು ಮುಂದೆ ಯೂನಿಕೋಡ್ ಕಡತಗಳಾಗಿಯೂ ಸಿದ್ಧವಾಗಲಿ. ನಾವು ನಡೆಸುವ ಕಂಪ್ಯೂಟರ್ ತರಗತಿಯ ಒಂದು ಕಂಪ್ಯೂಟರಿನಲ್ಲಾದರೂ ಎನ್‌ವಿಡಿಎ ಇರಲಿ, ಅದು ಉಚಿತ. ಮೊಹಲ್ಲಾದಲ್ಲಿ ಅಂಧ ಮಗುವಿದ್ದರೆ ಅದರ ಹೆಸರು ನಮ್ಮ ಪಟ್ಟಿಗೆ ಬರಲಿ. ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕಂಪ್ಯೂಟರ್ ಓದುವವರು ಒಂದು ದಿನ ಪರದೆಯನ್ನು ಆರಿಸಿ, ಎನ್‌ವಿಡಿಎ ಅಥವಾ ಆರ್ಕಾದ ಧ್ವನಿಯಿಂದಲೇ ಒಂದು ಪತ್ರ ಬರೆಯಲು ಪ್ರಯತ್ನಿಸಿ. ಮುಂದೆ ನೀವು ರೂಪಿಸುವ ತಂತ್ರಾಂಶದಲ್ಲಿ ಅಂಧರಿಗೂ ಜಾಗವಿರಬೇಕೆಂಬುದು ಆಗ ಯಾರೂ ಹೇಳದೆಯೇ ನೆನಪಿರುತ್ತದೆ.

ಯಂತ್ರ ಜೇಬಿಗೆ ಬಂದಿದೆ, ಧ್ವನಿ ಉಚಿತವಾಗಿದೆ. ಅದಕ್ಕೆ ಓದಲು ಸರಿಯಾದ ಅಕ್ಷರಗಳನ್ನು ಕೊಡುವ ಕೆಲಸ ಮಾತ್ರ ನಮ್ಮ ಪಾಲಿಗೆ ಉಳಿದಿದೆ. ಅದನ್ನು ನೆರವೇರಿಸಲು ಅಲ್ಲಾಹನು ನಮ್ಮೆಲ್ಲರಿಗೂ ತೌಫೀಕ್ ನೀಡಲಿ. ಆಮೀನ್.